ಯಾವ ತರಗತಿಯಲ್ಲಿ, ಯಾವ ಪಾಠದಲ್ಲಿ?

“ಒಟ್ಟಾರೆ ಎಂಬ ತರಗತಿಗೆ ನಾನು ಇದುವರೆಗೆ ಪಾಠ ಮಾಡಿಲ್ಲ.”

ಮಂಗಳವಾರದ ತರಬೇತಿಯಲ್ಲಿ ನಮ್ಮ ಗಣಿತದ ಮೇಡಂ ಹೀಗೆಂದಾಗ ಎಲ್ಲರೂ ನಕ್ಕರು. ಸಂಪನ್ಮೂಲ ವ್ಯಕ್ತಿಯೂ ನಕ್ಕರು. ಮೇಡಂ ನಗಲಿಲ್ಲ. ಅವರು ತಮಾಷೆಗೆ ಮಾತನಾಡುವವರೇ ಅಲ್ಲ. ಒಂದೇ ಸ್ಟಾಫ್ ರೂಮಿನಲ್ಲಿ ಎದುರು ಬದುರು ಕೂರುವ ನನಗೆ ಅದು ಚೆನ್ನಾಗಿ ಗೊತ್ತು. ವಾರವಿಡೀ ಆ ಮಾತು ನನ್ನ ತಲೆಯಲ್ಲಿ ಸುತ್ತುತ್ತಿದೆ.

ಯಾವ ಕೌಶಲದಲ್ಲಿ ತಾವು ಯಾವ ಹಂತದಲ್ಲಿದ್ದೇವೆ ಎಂದು ಶಿಕ್ಷಕರೇ ಬರೆಯಬೇಕಾದ ‘ಕೌಶಲ ನಕ್ಷೆ’ಯ ಹಾಳೆ ಪ್ರತಿಯೊಬ್ಬರ ಕೈಗೂ ಬಂದಿತ್ತು. ಎಡಕ್ಕೆ ಕೌಶಲಗಳು: ಪಾಠ ಯೋಜನೆ, ಪ್ರಶ್ನೆ ಕೇಳುವಿಕೆ, ತರಗತಿ ನಿರ್ವಹಣೆ, ಮೌಲ್ಯಮಾಪನ, ಹಿಮ್ಮಾಹಿತಿ, ತಂತ್ರಜ್ಞಾನದ ಬಳಕೆ, ಇನ್ನೂ ಏನೇನೋ. ಬಲಕ್ಕೆ ಒಂದರಿಂದ ನಾಲ್ಕರವರೆಗೆ ಹಂತಗಳು. ಒಂದು ಕೆಂಪು, ಎರಡು ಹಳದಿ, ಮೂರು ಮತ್ತು ನಾಲ್ಕು ಹಸಿರು. ನಮ್ಮ ಭೌತಶಾಸ್ತ್ರದ ಸರ್ ಪಟ್ಟಿಯನ್ನು ಓದುವ ಗೋಜಿಗೂ ಹೋಗದೆ ಮೇಲಿನಿಂದ ಕೆಳಗಿನವರೆಗೆ ನಾಲ್ಕು, ನಾಲ್ಕು, ನಾಲ್ಕು ಎಂದು ಬರೆದು ಮೊಬೈಲ್ ಹಿಡಿದು ಕೂತರು. ಮೇಡಂ ಒಂದೊಂದು ಸಾಲನ್ನೂ ಓದಿ, ಕೆಲವು ಕಡೆ ಅಂಕಿ ಹಾಕಿ, ಪ್ರಶ್ನೆ ಕೇಳುವಿಕೆಯ ಮುಂದಿನ ಜಾಗವನ್ನು ಖಾಲಿ ಬಿಟ್ಟಿದ್ದರು.

“ಮೇಡಂ, ಇಲ್ಲಿ ಏನೂ ಬರೆದಿಲ್ಲವಲ್ಲ?”

“ಯಾವ ತರಗತಿಯಲ್ಲಿ, ಯಾವ ಪಾಠದಲ್ಲಿ ಎಂದು ಹೇಳಿದರೆ ಬರೆಯುತ್ತೇನೆ ಸರ್.”

“ಒಟ್ಟಾರೆಯಾಗಿ ಬರೆಯಿರಿ ಸಾಕು.”

ಆಗ ಬಂದದ್ದು ಆ ಉತ್ತರ. ನಗು ಅಡಗಿದ ಮೇಲೆ ಸಂಪನ್ಮೂಲ ವ್ಯಕ್ತಿ, “ನಿಮ್ಮಂಥ ಅನುಭವಿಗಳು ಸಂಕೋಚ ಪಡಬಾರದು” ಎನ್ನುತ್ತ ತಮ್ಮ ಪೆನ್ನಿನಿಂದಲೇ ಅಲ್ಲಿ ಮೂರು ಎಂದು ಬರೆದು ಮುಂದಿನ ಮೇಜಿಗೆ ನಡೆದರು. ಅವರು ಕೆಟ್ಟವರಲ್ಲ. ಚೆನ್ನಾಗಿ ಮಾತನಾಡುತ್ತಾರೆ, ಸಮಯಕ್ಕೆ ಸರಿಯಾಗಿ ಬರುತ್ತಾರೆ, ಸ್ಲೈಡುಗಳನ್ನು ಮುತುವರ್ಜಿಯಿಂದ ಮಾಡಿಕೊಂಡು ಬಂದಿರುತ್ತಾರೆ. ಆದರೆ ಪ್ರಶ್ನೆ ಕೇಳುವ ಕೌಶಲದ ಬಗ್ಗೆಯೇ ಕೇಳಿದ ಪ್ರಶ್ನೆಯೊಂದಕ್ಕೆ ಉತ್ತರ ಹುಡುಕುವಷ್ಟು ಹೊತ್ತು ಅವರು ಅಲ್ಲಿ ನಿಲ್ಲಲಿಲ್ಲ. ನನಗೆ ಕಸಿವಿಸಿಯಾದದ್ದು ಅದಕ್ಕೆ.

ಮೇಡಂ ಸಂಕೋಚದಿಂದ ಖಾಲಿ ಬಿಟ್ಟಿರಲಿಲ್ಲ. ಪರಸ್ಪರ ಪಾಠ ವೀಕ್ಷಣೆಯ ನೆಪದಲ್ಲಿ ನಾನು ಅವರ ತರಗತಿಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದೇನೆ. ರೇಖಾಗಣಿತದಲ್ಲಿ ಅವರ ಪ್ರಶ್ನೆಗಳನ್ನು ಕೇಳುವುದೇ ಒಂದು ಸುಖ. ತ್ರಿಭುಜವೊಂದನ್ನು ಬರೆದು, ಪ್ರಶ್ನೆ ಹಾಕಿ, ಸುಮ್ಮನೆ ನಿಂತುಬಿಡುತ್ತಾರೆ. ಮಕ್ಕಳು ಚಡಪಡಿಸುತ್ತಾರೆ, ಅವರು ಚಡಪಡಿಸುವುದಿಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಿಕೆಗಳನ್ನು ಕೇಳಿ ಗುರುತಿಸಿದ್ದು ಇದನ್ನೇ: ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡಿನಷ್ಟು. ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ. ತ್ರಿಭುಜದ ಮುಂದೆ ನಿಂತ ಮೇಡಂ ಮೂರೇನು, ಹತ್ತು ಸೆಕೆಂಡು ಬೇಕಾದರೂ ಕಾಯುತ್ತಾರೆ.

ಅದೇ ಮೇಡಂ ಸಂಭವನೀಯತೆಯ ಪಾಠಕ್ಕೆ ಬಂದಾಗ ಬೇರೆಯೇ ಆಗುತ್ತಾರೆ. ಪ್ರಶ್ನೆ ಬಾಯಿಂದ ಬಿದ್ದ ಕೂಡಲೇ ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ. ಯಾಕೆ ಎಂದು ಒಮ್ಮೆ ಕೇಳಿದ್ದೆ. “ತ್ರಿಭುಜದಲ್ಲಿ ಮಕ್ಕಳು ಎಷ್ಟು ರೀತಿಯಲ್ಲಿ ತಪ್ಪಬಹುದು ಎಂದು ನನಗೆ ಗೊತ್ತು. ಯಾವ ತಪ್ಪು ಬಂದರೂ ಅದಕ್ಕೆ ಮುಂದಿನ ಪ್ರಶ್ನೆ ನನ್ನ ಬಳಿ ಸಿದ್ಧವಿದೆ. ಸಂಭವನೀಯತೆಯಲ್ಲಿ ಏನು ಬರುತ್ತದೋ ಗೊತ್ತಿಲ್ಲ. ಹಾಗಾಗಿ ಬರಲು ಬಿಡುವುದಿಲ್ಲ” ಎಂದಿದ್ದರು. ಶಿಕ್ಷಕರ ತರಬೇತಿಯ ಬಗ್ಗೆ ಇಷ್ಟು ನೇರವಾದ ಮಾತನ್ನು ನಾನು ಯಾವ ಕೈಪಿಡಿಯಲ್ಲೂ ಓದಿಲ್ಲ.

ಹಾಳೆಯ ಪ್ರಕಾರ ಮೇಡಂ ಬಳಿ ಒಂದು ಪ್ರಶ್ನೆ ಕೇಳುವ ಕೌಶಲವಿದೆ, ಅದು ಮೂರನೆಯ ಹಂತದ್ದು. ಎತ್ತರ ಅಳೆದಂತೆ ಅದನ್ನು ಅಳೆದಾಯಿತು. ಯಾವ ಕೋಣೆಯಲ್ಲಿ ನಿಂತರೂ ಎತ್ತರ ಅಷ್ಟೇ ತಾನೇ. ನಿಜದಲ್ಲಿ ಒಂದು ಪಾಠದಲ್ಲಿ ಅವರದು ನಾಲ್ಕು, ಇನ್ನೊಂದರಲ್ಲಿ ಒಂದು. ಮೂರು ಎಂಬುದು ಅವರು ಎಂದೂ ನಿಂತಿರದ ಜಾಗ. ಸಂಭವನೀಯತೆಯಲ್ಲಿ ಅವರಿಗೆ ಬೇಕಾದದ್ದು ‘ಪರಿಣಾಮಕಾರಿ ಪ್ರಶ್ನಾ ಕೌಶಲ’ ಎಂಬ ಕಾರ್ಯಾಗಾರವಲ್ಲ, ಮಕ್ಕಳು ಅಲ್ಲಿ ಎಲ್ಲೆಲ್ಲಿ ಎಡವುತ್ತಾರೆ ಎಂಬ ತಿಳಿವಳಿಕೆ. ಲೀ ಶುಲ್ಮನ್ ಎಂಬ ಅಮೆರಿಕದ ಶಿಕ್ಷಣತಜ್ಞರು 1986ರಲ್ಲಿ ಇದಕ್ಕೊಂದು ಸ್ಥಾನ ಕೊಟ್ಟರು: ವಿಷಯದ ಜ್ಞಾನವೂ ಅಲ್ಲದ, ಬರೀ ಬೋಧನಾ ವಿಧಾನವೂ ಅಲ್ಲದ, ಈ ವಿಷಯವನ್ನು ಕಲಿಸುವವರಿಗೆ ಮಾತ್ರ ಬೇಕಾಗುವ ಮೂರನೆಯ ಬಗೆಯ ಜ್ಞಾನ. ಈ ಪಾಠದಲ್ಲಿ ಯಾವುದು ಕಷ್ಟ, ಮಕ್ಕಳು ಯಾವ ತಪ್ಪು ಕಲ್ಪನೆ ಹೊತ್ತು ಬರುತ್ತಾರೆ, ಯಾವ ಉದಾಹರಣೆ ಅದನ್ನು ಅಲುಗಿಸುತ್ತದೆ ಎಂಬುದೆಲ್ಲ ಅದರೊಳಗೆ ಬರುತ್ತದೆ. ನಮ್ಮ ಹಾಳೆಯಲ್ಲಿ ವಿಷಯ ಜ್ಞಾನಕ್ಕೆ ಒಂದು ಸಾಲಿತ್ತು, ಬೋಧನಾ ವಿಧಾನಗಳಿಗೆ ಹಲವು ಸಾಲುಗಳಿದ್ದವು. ಇದಕ್ಕೆ ಒಂದೂ ಇರಲಿಲ್ಲ.

ಸಂಭವನೀಯತೆಯ ತಪ್ಪುಗಳಂತೂ ಸಾಮಾನ್ಯದವಲ್ಲ. ಎರಡು ಬಾರಿ ನಾಣ್ಯ ಚಿಮ್ಮಿದರೆ ಒಮ್ಮೆಯಾದರೂ ತಲೆ ಬೀಳುವ ಸಂಭವ ಎಷ್ಟು? ಮಗು ಯೋಚಿಸುತ್ತದೆ: ಮೊದಲೇ ತಲೆ ಬಿದ್ದರೆ ಆಟ ಮುಗಿಯಿತು, ಇಲ್ಲವಾದರೆ ಬಾಲ ಬಿದ್ದು ಆಮೇಲೆ ತಲೆ, ಅದೂ ಇಲ್ಲವಾದರೆ ಎರಡು ಸಲವೂ ಬಾಲ. ಮೂರು ಸಾಧ್ಯತೆ, ಎರಡು ನಮ್ಮ ಕಡೆ, ಆದ್ದರಿಂದ 2/3. ಸರಿಯುತ್ತರ 3/4. ಮಗು ದಡ್ಡನೆಂದು ನಿರ್ಧರಿಸುವ ಮುನ್ನ ಇದನ್ನೂ ತಿಳಿದಿರಬೇಕು: ಹದಿನೆಂಟನೆಯ ಶತಮಾನದ ಫ್ರಾನ್ಸಿನ ದೊಡ್ಡ ಗಣಿತಜ್ಞ ದ’ಅಲಂಬೇರ್ ತಾವೇ ಸಂಪಾದಕರಾಗಿದ್ದ ವಿಶ್ವಕೋಶದಲ್ಲಿ ಇದೇ ತರ್ಕ ಹೂಡಿ 2/3 ಎಂದೇ ಬರೆದರು. ಮೂರು ಸಾಧ್ಯತೆಗಳಿವೆ, ಆದರೆ ಮೂರರ ತೂಕವೂ ಒಂದೇ ಅಲ್ಲ. ಮೊದಲನೆಯದರ ತೂಕ ಉಳಿದ ಒಂದೊಂದರ ಎರಡು ಪಟ್ಟು. ಈ ಒಂದು ತಪ್ಪನ್ನು ಮೊದಲೇ ಬಲ್ಲ ಶಿಕ್ಷಕಿ ಅದು ಬರಲಿ ಎಂದೇ ಕಾಯುತ್ತಾಳೆ. ಕಾಯುವ ಕೌಶಲವನ್ನು ಅವಳಿಗೆ ಬೇರೆ ಕಲಿಸಬೇಕಾಗಿಲ್ಲ.

ಮಕ್ಕಳಿಗೂ ಇಂಥದೇ ಹಾಳೆಯಿದೆ. ವಿಮರ್ಶಾತ್ಮಕ ಚಿಂತನೆ, ಸಂವಹನ, ಸಹಯೋಗ, ಸೃಜನಶೀಲತೆ, ಓದಿ ಗ್ರಹಿಸುವಿಕೆ. ಭಾಷೆ ಕಲಿಸುವವಳಾದ ನನ್ನ ಪಾಲಿಗೆ ಬಂದದ್ದು ಕೊನೆಯದು. ಒಬ್ಬ ಹುಡುಗನ ಮುಂದೆ ಅಲ್ಲಿ ಕೆಂಪು ಬಣ್ಣವಿದೆ. ಪರೀಕ್ಷೆಗೆ ಕೊಟ್ಟ ಗದ್ಯ ಹಡಗುಕಟ್ಟೆಯೊಂದರ ಬಗ್ಗೆ. ಅವನು ಹಡಗು ಕಂಡವನಲ್ಲ. ಯಂತ್ರಗಳ ಬಗ್ಗೆ ಎಂಥ ಬಿಗಿಯಾದ ಲೇಖನ ಕೊಟ್ಟರೂ ಓದಿ, ಅದರಲ್ಲಿ ಲೇಖಕ ಎಡವಿದ ಜಾಗವನ್ನೂ ತೋರಿಸುವ ಹುಡುಗ ಅವನು. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕಿಯರು 64 ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಪಂದ್ಯದ ವರ್ಣನೆಯೊಂದನ್ನು ಓದಲು ಕೊಟ್ಟರು. ಓದಿನ ಪರೀಕ್ಷೆಯಲ್ಲಿ ಹಿಂದುಳಿದಿದ್ದರೂ ಆಟ ಬಲ್ಲವರು, ಓದಿನಲ್ಲಿ ಮುಂದಿದ್ದು ಆಟ ಅರಿಯದವರಿಗಿಂತ ಚೆನ್ನಾಗಿ ಅದನ್ನು ಗ್ರಹಿಸಿದ್ದರು. ಚದುರಂಗದಲ್ಲಿ ಚೇಸ್ ಮತ್ತು ಸೈಮನ್ ಎಂಬ ಸಂಶೋಧಕರು 1973ರಲ್ಲಿ ತೋರಿಸಿದ್ದೂ ಇದಕ್ಕೆ ಹತ್ತಿರದ ಸಂಗತಿ. ನಿಜವಾದ ಆಟದ ಮಣೆಯನ್ನು ಐದು ಸೆಕೆಂಡು ನೋಡಿದ ನಿಪುಣ ಕಾಯಿಗಳನ್ನು ಬಹುಮಟ್ಟಿಗೆ ಹಾಗೆಯೇ ಜೋಡಿಸಿಬಿಡುತ್ತಾನೆ. ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದರೆ ಅವನಿಗೂ ಹೊಸಬನಿಗೂ ಹೆಚ್ಚೇನೂ ವ್ಯತ್ಯಾಸ ಉಳಿಯುವುದಿಲ್ಲ. ಆ ನಿಪುಣನ ಹಾಳೆಯಲ್ಲಿ ‘ನೆನಪಿನ ಶಕ್ತಿ’ಯ ಮುಂದೆ ಏನು ಬರೆಯುತ್ತೀರಿ?

ಬಣ್ಣ ಬರೀ ಬಣ್ಣವಾಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕೆಂಪು ಬಂದ ಹುಡುಗನಿಗೆ ಪರಿಹಾರ ಬೋಧನೆ ಎಂದು ‘ಮುಖ್ಯಾಂಶ ಗುರುತಿಸು’, ‘ತಾತ್ಪರ್ಯ ಬರೆ’ ಎಂಬ ಅಭ್ಯಾಸ ಹಾಳೆಗಳು ಹೋಗುತ್ತವೆ. ಅವನು ಯಂತ್ರದ ಲೇಖನ ಓದಬಹುದಾಗಿದ್ದ ಪೀರಿಯಡ್‌ನಲ್ಲೇ ಅದು ನಡೆಯುತ್ತದೆ. ಹಡಗಿನ ಬಗ್ಗೆ ಅವನಿಗೆ ಯಾರೂ ಏನೂ ಹೇಳುವುದಿಲ್ಲ.

ಭೌತಶಾಸ್ತ್ರದ ಸರ್ ಬಗ್ಗೆಯೂ ಒಂದು ಮಾತು. ಊಟದ ವಿರಾಮದಲ್ಲಿ, “ಏನು ಸರ್, ಎಲ್ಲದರಲ್ಲೂ ನಾಲ್ಕೇ?” ಎಂದು ಕೆಣಕಿದೆ. “ಎರಡು ಹಾಕಿದವರಿಗೆ ರಜೆಯಲ್ಲಿ ತರಬೇತಿ, ಒಂದು ಹಾಕಿದವರಿಗೆ ಮುಖ್ಯೋಪಾಧ್ಯಾಯರ ಕೋಣೆ. ನಾನು ಪ್ರಾಮಾಣಿಕನಾಗಿರುವುದರಿಂದ ಯಾರಿಗೆ ಲಾಭ ಹೇಳಿ ಮೇಡಂ?” ಎಂದರು. ಅವರ ಜಂಬ ನನಗೆ ಎಂದೂ ಹಿಡಿಸಿದ್ದಲ್ಲ. ಆದರೆ ಹಾಳೆ ಎಲ್ಲಿಗೆ ಹೋಗುತ್ತದೆ ಎಂದು ನಮ್ಮೆಲ್ಲರಿಗಿಂತ ಮೊದಲು ವಿಚಾರಿಸಿದವರು ಅವರೇ. ಬೆಳವಣಿಗೆಗೆಂದು ಬರೆಸಿದ ಅಂಕಿ ಶಿಕ್ಷಕರ ವಾರ್ಷಿಕ ವರದಿಗೂ ಹೋಗುವುದಾದರೆ ಅದು ಆ ಕ್ಷಣದಿಂದಲೇ ಬೇರೆ ಅಂಕಿಯಾಗುತ್ತದೆ. ಡೊನಾಲ್ಡ್ ಕ್ಯಾಂಪ್‌ಬೆಲ್ ಎಂಬ ಸಮಾಜವಿಜ್ಞಾನಿ 1970ರ ದಶಕದಲ್ಲೇ ಎಚ್ಚರಿಸಿದ್ದರು: ಸಂಖ್ಯೆಯೊಂದನ್ನು ನಿರ್ಧಾರಗಳಿಗೆ ಎಷ್ಟು ಹೆಚ್ಚು ಬಳಸುತ್ತೀರೋ ಅಷ್ಟು ಹೆಚ್ಚು ಅದು ಕೆಡುತ್ತದೆ, ಅಳೆಯಬೇಕಾದ ಕೆಲಸವನ್ನೂ ಕೆಡಿಸುತ್ತದೆ.

ಹಾಗೆಂದು ನಕ್ಷೆಯೇ ಬೇಡ ಎನ್ನುವ ಗುಂಪಿಗೆ ನಾನು ಸೇರಿದವಳಲ್ಲ. ಸ್ಟಾಫ್ ರೂಮಿನಲ್ಲಿ ಆ ಗುಂಪು ದೊಡ್ಡದಿದೆ, ಅದರಲ್ಲಿ ಅರ್ಧ ಜನಕ್ಕೆ ಯಾವ ಹಾಳೆಯೂ ಬೇಡ. ಐರೋಪ್ಯ ಒಕ್ಕೂಟ 2017ರಲ್ಲಿ ಶಿಕ್ಷಕರ ಡಿಜಿಟಲ್ ಸಾಮರ್ಥ್ಯಕ್ಕೆಂದು ರೂಪಿಸಿದ ಡಿಜ್‌ಕಾಂಪ್‌ಎಜು ಚೌಕಟ್ಟನ್ನು ನಾನು ಆಸಕ್ತಿಯಿಂದ ಓದಿದ್ದೇನೆ. ಆರು ಕ್ಷೇತ್ರಗಳು, 22 ಸಾಮರ್ಥ್ಯಗಳು, ಭಾಷಾ ಪರೀಕ್ಷೆಗಳ ಮಾದರಿಯಲ್ಲಿ ಎ1ರಿಂದ ಸಿ2ರವರೆಗೆ ಹಂತಗಳು. ಅದರಲ್ಲಿ ನನಗೆ ಹಿಡಿಸಿದ್ದು ಪ್ರತಿ ಹಂತಕ್ಕೂ ಶಿಕ್ಷಕರು ಏನು ಮಾಡುತ್ತಾರೆ ಎಂಬುದನ್ನು ವಾಕ್ಯದಲ್ಲಿ ಬರೆದಿರುವುದು. ಓದಿದರೆ ‘ಹೌದು, ಇದು ನಾನು ಮಾಡುವ ಕೆಲಸ’ ಎಂದೋ ‘ಇದನ್ನು ಯೋಚಿಸಿಯೇ ಇರಲಿಲ್ಲ’ ಎಂದೋ ಅನ್ನಿಸುತ್ತದೆ. ನಮ್ಮ ಹಾಳೆಯಲ್ಲಿದ್ದದ್ದು ‘ಉತ್ತಮ’, ‘ಅತ್ಯುತ್ತಮ’. ಅಷ್ಟಾದರೂ ನಮ್ಮ ನಕ್ಷೆ ಒಂದು ವಿಷಯವನ್ನು ಹೊರಗೆಡವಿತು. ಮಕ್ಕಳ ಬರವಣಿಗೆಗೆ ಹಿಮ್ಮಾಹಿತಿ ಕೊಡುವ ಸಾಲಿನಲ್ಲಿ, ನಾಲ್ಕರ ಸರದಾರರನ್ನು ಬಿಟ್ಟರೆ, ಹೆಚ್ಚಿನವರು ಎರಡು ಬರೆದಿದ್ದರು. ಮಾತಿನಲ್ಲಿ ಯಾರೂ ಒಪ್ಪದಿದ್ದ ಸಂಗತಿ ಅದು. ನೋಟುಪುಸ್ತಕದ ಕೊನೆಗೆ ಸಹಿ ಹಾಕುವುದನ್ನೇ ನಾವು ಹಿಮ್ಮಾಹಿತಿ ಎಂದುಕೊಂಡು ಬಂದಿದ್ದೇವೆ.

ಸಂಪನ್ಮೂಲ ವ್ಯಕ್ತಿಯ ಕಷ್ಟವೂ ಸುಳ್ಳಲ್ಲ. ನೂರಾರು ಶಿಕ್ಷಕರ ತರಗತಿಗೆ ಹೋಗಿ ಕೂರಲು ಅವರಿಂದ ಆಗುವುದಿಲ್ಲ. ಆದರೆ ಶಾಲೆಯೊಳಗಿನ ನಾವು ಕೂರಬಹುದಲ್ಲ? ನಾನು ಮೇಡಂ ತರಗತಿಯಲ್ಲಿ ಕೂತದ್ದಕ್ಕೆ ಯಾರ ಅನುದಾನವೂ ಬೇಕಾಗಲಿಲ್ಲ, ಒಂದು ಖಾಲಿ ಪೀರಿಯಡ್ ಸಾಕಾಯಿತು. ಆ ಖಾಲಿ ಪೀರಿಯಡ್‌ಗಳನ್ನು ಈಗ ಹಾಳೆ ತುಂಬಲು ಕೊಟ್ಟಿದ್ದೇವೆ ಎಂಬುದು ನನ್ನ ತಕರಾರು.

ಶುಕ್ರವಾರ ಫಲಿತಾಂಶ ಬಂತು. ಪ್ರಶ್ನೆ ಕೇಳುವಿಕೆಯಲ್ಲಿ ಹಸಿರು ಬಂದವರನ್ನೆಲ್ಲ ತಂತ್ರಾಂಶ ತಾನಾಗಿಯೇ ‘ಮಾರ್ಗದರ್ಶಕ ಶಿಕ್ಷಕ’ರ ಪಟ್ಟಿಗೆ ಸೇರಿಸಿತ್ತು. ಮೇಡಂ ತಾವು ಬರೆಯದ ಅಂಕಿಯ ಬಲದಿಂದ ಇತರರಿಗೆ ಪ್ರಶ್ನೆ ಕೇಳುವುದನ್ನು ಕಲಿಸಬೇಕು. ನಾಲ್ಕು ಬರೆದ ಭೌತಶಾಸ್ತ್ರದ ಸರ್ ಎಲ್ಲವನ್ನೂ ಕಲಿಸಬೇಕು. ರಜೆ ಉಳಿಸಿಕೊಳ್ಳಲು ಹೋದವರ ರಜೆ ಪೂರ್ತಿ ಹೋಯಿತು. ನನಗೆ ನಗು ತಡೆಯಲಾಗಲಿಲ್ಲ.

ಮೇಡಂ ಒಪ್ಪಿಕೊಂಡು ಇಮೇಲ್ ಬರೆದಿದ್ದಾರೆ, ಒಂದು ಷರತ್ತಿನ ಮೇಲೆ. ತರಬೇತಿಗೆ ಬರುವವರು ತಮಗೆ ಕಲಿಸಲು ಅತಿ ಕಷ್ಟವೆನಿಸುವ ಒಂದೇ ಒಂದು ಪಾಠವನ್ನು ಆರಿಸಿ, ಆ ಪಾಠದಲ್ಲಿ ತಮ್ಮ ಮಕ್ಕಳು ಬರೆದ ಹತ್ತು ತಪ್ಪು ಉತ್ತರಗಳನ್ನು ತರಬೇಕು. ಬರಿಗೈಯಲ್ಲಿ ಬಂದವರಿಗೆ ಪ್ರವೇಶವಿಲ್ಲ. ತಾವು ಸಂಭವನೀಯತೆಯ ನೋಟುಪುಸ್ತಕಗಳನ್ನು ತರುವುದಾಗಿಯೂ ಬರೆದಿದ್ದಾರೆ. ಸಂಪನ್ಮೂಲ ವ್ಯಕ್ತಿಯಿಂದ ಬಂದ ಉತ್ತರವನ್ನು ಅವರು ನನಗೂ ತೋರಿಸಿದರು: ಆಲೋಚನೆ ತುಂಬ ಚೆನ್ನಾಗಿದೆ, ಆದರೆ ಹತ್ತು ತಪ್ಪು ಉತ್ತರಗಳನ್ನು ಯಾವ ಕೌಶಲದ ಅಡಿಯಲ್ಲಿ ನಮೂದಿಸಬೇಕು ಎಂದು ದಯವಿಟ್ಟು ತಿಳಿಸಿ.