ಶೋದಾನ್-ಹೋ: 14 ವಾರಗಳ ಅಭ್ಯಾಸದ ದಾಖಲೆ

1ನೇ ವಾರ

ಕರಾಟೆಯ ಬ್ಲ್ಯಾಕ್ ಬೆಲ್ಟ್ ಪರೀಕ್ಷೆಯಲ್ಲಿ ನಾನು ಪೂರ್ತಿ ಉತ್ತೀರ್ಣನಾಗಲಿಲ್ಲ, ಅನುತ್ತೀರ್ಣನೂ ಆಗಲಿಲ್ಲ. ನನಗೆ ದೊರೆತದ್ದು ಶೋದಾನ್-ಹೋ, ಅಂದರೆ ಶೋದಾನ್‌ಗೆ, ಎಂದರೆ ಮೊದಲ ದಾನ್‌ಗೆ (ಬ್ಲ್ಯಾಕ್ ಬೆಲ್ಟ್‌ನ ಮೊದಲ ದರ್ಜೆಗೆ) ಮುನ್ನ ಕೊಡುವ ತಾತ್ಕಾಲಿಕ ದರ್ಜೆ. ಆರು ತಿಂಗಳ ನಂತರ ಮತ್ತೆ ಪರೀಕ್ಷಕರೆದುರು ನಿಲ್ಲಬೇಕು. ಬೆಲ್ಟ್ ಕಪ್ಪಾಗಿದ್ದರೂ ಅದರ ಉದ್ದಕ್ಕೂ ಬಿಳಿಯ ಗೆರೆಯೊಂದಿದೆ. ಫಲಿತಾಂಶದ ಹಾಳೆಯಲ್ಲಿ ದರ್ಜೆಯ ಹೆಸರಿನ ಹೊರತು ಒಂದಕ್ಷರವೂ ಇರಲಿಲ್ಲವೆಂಬುದು ನನಗೆ ಹೆಚ್ಚು ಬೇಸರ ತಂದಿತು.

3ನೇ ವಾರ

ಜೂಡೋ ಸ್ಥಾಪಕ ಜಿಗೋರೋ ಕಾನೋ ಅವರು 1883ರಲ್ಲಿ ತಮ್ಮ ಇಬ್ಬರು ಜೂಡೋ ಶಿಷ್ಯರಿಗೆ ಮೊದಲ ದಾನ್ ನೀಡಿದರು. ಕರಾಟೆ ಗುರು ಗಿಚಿನ್ ಫುನಾಕೋಶಿ ಅವರು 1924ರಲ್ಲಿ ಅದೇ ಪದ್ಧತಿಯನ್ನು ಕರಾಟೆಗೆ ತಂದರು. ಶೋದಾನ್ ಎಂಬ ಪದದ ಅರ್ಥವೇ ಆರಂಭದ ಮೆಟ್ಟಿಲು ಎಂದಿರುವಾಗ, ಆರಂಭಕ್ಕೂ ಮುಂಚೆ ಇನ್ನೊಂದು ಮೆಟ್ಟಿಲೇಕೆ ಎಂದು ಆಕ್ಷೇಪಿಸುವವರ ಮಾತನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಮೊದಲ ಬಾರಿ ಪರೀಕ್ಷೆಗೆ ಕುಳಿತವರಿಗೆಲ್ಲ ವಾಡಿಕೆಯಂತೆ ಇದನ್ನೇ ಕೊಟ್ಟು, ಎರಡನೆಯ ಸಲ ಶುಲ್ಕ ಪಡೆದು ಬಿಳಿ ಗೆರೆಯನ್ನು ತೆಗೆಸುವುದಾದರೆ ಅದು ಬರೀ ಕಾಯುವಂತೆ ಮಾಡುವುದಷ್ಟೆ.

ಆದ್ದರಿಂದ ಪರೀಕ್ಷಕರನ್ನೇ ಕೇಳಿದೆ. ತೆಕ್ಕಿ ಶೋದಾನ್ ಎಂಬ ಕಾತಾದ, ಅಂದರೆ ನಿಗದಿತ ಚಲನೆಗಳ ಸರಣಿಯ, ಬಗ್ಗೆ (ಇಲ್ಲಿ ಶೋದಾನ್ ದರ್ಜೆಯಲ್ಲ, ಕಾತಾದ ಹೆಸರಿನ ಭಾಗ) ಅವರು ಎರಡು ವಾಕ್ಯಗಳಲ್ಲಿ ಉತ್ತರಿಸಿದರು: "ತೆಕ್ಕಿ ಶೋದಾನ್‌ನಲ್ಲಿ ನಿಮ್ಮ ತಲೆ ಏಳುತ್ತದೆ, ಇಳಿಯುತ್ತದೆ. ಉಳಿದದ್ದೆಲ್ಲ ಸಾಕಷ್ಟು ಚೆನ್ನಾಗಿದೆ." ಅಂದಿನಿಂದ ಈ ಆರು ತಿಂಗಳಿಗೊಂದು ಗೊತ್ತುಗುರಿ ಸಿಕ್ಕಿತು.

9ನೇ ವಾರ

ತೆಕ್ಕಿ ಪೂರ್ತಿ ಅಡ್ಡಡ್ಡ ಸಾಗುವ ಕಾತಾ. ಕುದುರೆ ಸವಾರನಂತೆ ಮಂಡಿ ಬಾಗಿಸಿ ನಿಂತ ಕಿಬಾ-ದಾಚಿಯಲ್ಲೇ ಮೊದಲಿನಿಂದ ಕೊನೆಯವರೆಗೂ ಇರಬೇಕು. ಬೆನ್ನ ಹಿಂದಿನ ಗೋಡೆಗೆ ನೆತ್ತಿಯ ಮಟ್ಟದಲ್ಲಿ ದಾರವೊಂದನ್ನು ಕಟ್ಟಿ, ಫೋನನ್ನು ಅದೇ ಎತ್ತರದಲ್ಲಿಟ್ಟು ಹತ್ತು ಸಲ ಚಿತ್ರೀಕರಿಸಿದೆ. ಏಳು ಸಲ ತಲೆ ದಾರವನ್ನು ದಾಟಿತ್ತು. (ಮೊದಲ ದಿನ ಫೋನನ್ನು ನೆಲದ ಮೇಲಿಟ್ಟು ತೆಗೆದ ದೃಶ್ಯಗಳಲ್ಲಿ ಹತ್ತಕ್ಕೆ ಹತ್ತೂ ಸಲ ದಾಟಿದಂತೆ ಕಂಡು ಗಾಬರಿಯಾಗಿದ್ದೆ.) ನಿಧಾನಗತಿಯಲ್ಲಿ ನೋಡಿದಾಗ ಕಾರಣ ತಿಳಿಯಿತು: ಒಂದು ಕಾಲನ್ನು ಇನ್ನೊಂದರ ಮುಂದೆ ದಾಟಿಸುವಾಗ, ದಾಟುವ ಪಾದ ನೆಲ ಮುಟ್ಟುವ ಮೊದಲೇ ಭಾರ ಹೊತ್ತ ಮಂಡಿ ನೆಟ್ಟಗಾಗುತ್ತಿತ್ತು. ಆಯಾಸವೇ ಕಾರಣವೆಂದು ನಾನು ನಂಬಿದ್ದೆ. ಆದರೆ ಮೊದಲನೆಯ ಸುತ್ತಿನಲ್ಲೂ ಇದೇ ತಪ್ಪಿತ್ತು.

ಅಂದಿನಿಂದ ಕೈಗಳ ಚಲನೆಯನ್ನು ಪೂರ್ತಿ ಬಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಆ ಒಂದು ಹೆಜ್ಜೆಯನ್ನಷ್ಟೇ ದಿನಕ್ಕೆ ಐವತ್ತು ಬಾರಿ ಮಾಡುತ್ತಿದ್ದೇನೆ.

14ನೇ ವಾರ

ಈಗ ಹತ್ತರಲ್ಲಿ ಎರಡು ಸಲ ಮಾತ್ರ ತಲೆ ದಾರವನ್ನು ದಾಟುತ್ತದೆ. ಎರಡೂ ಸಲ ದಾಟುವುದು ನಾಮಿ-ಗಾಎಶಿಯಲ್ಲಿ, ಅಂದರೆ ಪಾದವನ್ನು ಒಳಮುಖವಾಗಿ ಮೇಲೆಳೆದು ಅದೇ ಜಾಗಕ್ಕೆ ಇಳಿಸುವ ಚಲನೆಯಲ್ಲಿ. ನೇರವಾಗಿ ಶೋದಾನ್ ದೊರೆತಿದ್ದರೆ ನಾನು ಮುಂದಿನ ಕಾತಾಗಳ ಬೆನ್ನು ಹತ್ತುತ್ತಿದ್ದೆ. ಅನುತ್ತೀರ್ಣನಾಗಿದ್ದರೆ ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೊರಟು ಯಾವುದನ್ನೂ ತಿದ್ದುತ್ತಿರಲಿಲ್ಲ. ಈ ದರ್ಜೆಯ ಬೆಲೆ ನನ್ನ ಮಟ್ಟಿಗೆ ಪರೀಕ್ಷಕರ ಆ ಎರಡು ವಾಕ್ಯಗಳಲ್ಲಿದೆ, ಅವನ್ನು ನಾನಾಗಿಯೇ ಕೇಳಿ ಪಡೆಯಬೇಕಾಯಿತೆಂಬ ಆಕ್ಷೇಪವೂ ಹಾಗೆಯೇ ಉಳಿದಿದೆ.

ಮುಂದಿನ ವಾರ ಇನ್ನೂ ತಗ್ಗಿ ನಿಂತು, ದಾರವನ್ನು ಒಂದು ಬೆರಳಷ್ಟು ಕೆಳಗಿಳಿಸಿ ಕಟ್ಟುತ್ತೇನೆ.