ಅಣ್ಣ ಹುಟ್ಟಿದ್ದಕ್ಕ ಸಾಕ್ಷಿ

2025ರ ಸೆಪ್ಟೆಂಬರ್‌ನ್ಯಾಗ ಒಂದಿನ ರಾತ್ರಿ ಹತ್ತೂವರಿಗೆ ಡಲ್ಲಾಸಿಂದ ಅಣ್ಣನ ಫೋನು. ಅಲ್ಲಿ ಮಟ ಮಟ ಮಧ್ಯಾಹ್ನ. "ಡೇಟ್ ಬಂತವಾ ತಂಗಿ, ಡೇಟ್ ಬಂತು" ಅಂದ, ದನಿ ನಡುಗ್ತಿತ್ತು. ನಾನು ಸರ್ವೇ ಡ್ಯೂಟಿಗೆ ಕಿಟ್ ಬ್ಯಾಗ್ ಜೋಡಿಸ್ಕೋತಾ ಕುಂತಿದ್ದೆ (ನಾನು ಗಂಗಾವತಿ ಕಡೆ ಸರಕಾರಿ ಸಾಲಿ ಟೀಚರ್ರು, ಆ ಟೈಮಿಗೆ ಮನಿ ಮನಿಗೆ ಹೋಗಿ 60 ಪ್ರಶ್ನೆ ಕೇಳೋ ಜಾತಿ ಸಮೀಕ್ಷೆ ನಮ್ಮ ತಲಿಮ್ಯಾಲ ಬಿದ್ದಿತ್ತು), ಯಾವ ಡೇಟೋ ಏನೋ, ಅಂವನ ಮಗಳಿಗೆ ಏನರ ಗಂಡು ಗೊತ್ತಾತೇನೋ ಅಂತ ಒಂದು ಕ್ಷಣ ಗಾಬರಿ ಆತು, ಆಕಿಗೆ ಇನ್ನೂ ಹದಿನೈದು.

ಡೇಟ್ ಅಂದ್ರ ವೀಸಾ ಬುಲೆಟಿನ್ ಡೇಟು. ಅಮೆರಿಕದ ಸರಕಾರ ತಿಂಗಳಾ ತಿಂಗಳಾ ಒಂದು ಪಟ್ಟಿ ಬಿಡ್ತದ, ಯಾವ ದೇಶದೋರು ಯಾವ ತಾರೀಖಿನೊಳಗ ಗ್ರೀನ್ ಕಾರ್ಡಿಗೆ (ಅಲ್ಲೇ ಕಾಯಂ ಇರೋ ಪರವಾನಗಿಗೆ) ಅರ್ಜಿ ಹಾಕಿದ್ರ ಈಗ ಮುಂದ ಬರಬಹುದು ಅಂತ. 2025ರ ಅಕ್ಟೋಬರ್ ಪಟ್ಟಿನ್ಯಾಗ ಇಬಿ-2 (ನೌಕರಿ ಮ್ಯಾಲ ಕಾರ್ಡ್ ಕೇಳೋರ ಎರಡನೇ ದರ್ಜೆ) ಇಂಡಿಯಾ ಸಾಲಿನ ಫೈಲಿಂಗ್ ತಾರೀಖು 1 ಡಿಸೆಂಬರ್ 2013 ಅಂತ ಬಂತು. ಅಣ್ಣಂದು 2013ರ ಅಕ್ಟೋಬರ್. ಹನ್ನೆರಡು ವರ್ಷ ಕಾದಿದ್ದು ಕಾರ್ಡಿಗಲ್ಲ ಮತ್ತ, ಕಾರ್ಡಿನ ಕೊನೀ ಅರ್ಜಿ ಹಾಕ್ಲಿಕ್ಕೆ. ನಡುವ 2020ರ ಅಕ್ಟೋಬರ್‌ನ್ಯಾಗ ಅದರ ಕೆಳಗಿನ ಇಬಿ-3 ಸಾಲು ಒಮ್ಮಿಗಲೇ 2015ರ ಜನವರಿ ತನಕ ಓಡಿತ್ತು, ಅಂವನ ಗೆಳ್ಯಾರು ಭಾಳ ಮಂದಿ ಆ ಸಾಲಿಗೆ ಜಿಗಿದು ಅರ್ಜಿ ಹಾಕಿದ್ರು, ಅಣ್ಣನ ಕಂಪನಿಯೋರು ಹೊಸಾ ಕಾಗದ ಮಾಡಿಕೊಡಂಗಿಲ್ಲ ಅಂದ್ರು, ಮುಗೀತು, ಮತ್ತ ಐದು ವರ್ಷ.

ಅಲ್ಲೀತನಕ ಜೀವನ ಎಚ್-1ಬಿ ಅನ್ನೋ ನೌಕರಿ ವೀಸಾ ಮ್ಯಾಲ. ಅದು ಲೀಜಿಗೆ ಮಾಡಿದ ಹೊಲ ಇದ್ದಂಗ, ಬೆಳಿ ನಿಂದು, ಬದು ನಿಂದಲ್ಲ. ಆರು ವರ್ಷಕ್ಕ ಮುಗಿಬೇಕು, ಗ್ರೀನ್ ಕಾರ್ಡ್ ಕೇಸ್ ಐ-140 (ಕಂಪನಿ ಹಾಕೋ ಅರ್ಜಿ) ತನಕ ಪಾಸಾಗಿದ್ರ ಮೂರು ಮೂರು ವರ್ಷ ಎಳೀಬಹುದು. 2021ರ ಮೇನ್ಯಾಗ ಅಪ್ಪ ಕೋವಿಡ್‌ನ್ಯಾಗ ಹೋದಾಗ ಅಂವನ ಪಾಸ್‌ಪೋರ್ಟಿನ್ಯಾಗಿನ ವೀಸಾ ಸ್ಟ್ಯಾಂಪ್ ಮುಗಿದಿತ್ತು, ಇಲ್ಲಿ ಅಮೆರಿಕದ ಕಾನ್ಸುಲೇಟ್‌ಗಳ ಅಪಾಯಿಂಟ್‌ಮೆಂಟ್ ಎಲ್ಲಾ ರದ್ದಾಗಿದ್ವು, ಬಂದ್ರ ವಾಪಸ್ ಹೋಗೋದು ಯಾವಾಗ ಅಂತ ಹೇಳೋರಿಲ್ಲ. ವಾಟ್ಸಾಪ್ ವಿಡಿಯೋದಾಗ ನೋಡಿದ. ಅದರ ಬಗ್ಗೆ ಜಾಸ್ತಿ ಬರಿಯಂಗಿಲ್ಲ.

ಈ ಕ್ಯೂ ಇಷ್ಟುದ್ದ ಯಾಕ ಅಂದ್ರ, ವರ್ಷಕ್ಕ ನೌಕರಿ ಮ್ಯಾಲ ಕೊಡೋ ಗ್ರೀನ್ ಕಾರ್ಡ್ ಸುಮಾರು 1,40,000, ಹೆಂಡ್ತಿ ಮಕ್ಕಳೂ ಅದರಾಗೇ ಲೆಕ್ಕ, ಒಂದು ದೇಶಕ್ಕ 7 ಪರ್ಸೆಂಟ್ ಮಿತಿ. ಐಸ್‌ಲ್ಯಾಂಡಿಗೂ ಏಳು, ನಮಗೂ ಏಳು. ಉಳಿದೋರು ಬಿಟ್ಟಿದ್ದು ಏನರ ಇದ್ರ ಸೋರಿ ಈ ಕಡೆ ಬರ್ತದ. ಮಜಾ ಏನಂದ್ರ ದೇಶ ಅಂದ್ರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಅಲ್ಲ, ಹುಟ್ಟಿದ್ದು ಎಲ್ಲಿ ಅಂತ. ಅಣ್ಣನ ಆಫೀಸಿನ್ಯಾಗ ಒಬ್ಬ ಮಂಗಳೂರಿನಂವ ಅದಾನ, ಅವರಪ್ಪ ಮಸ್ಕತ್‌ನ್ಯಾಗ ನೌಕರಿ ಮಾಡೋವಾಗ ಹುಟ್ಟಿದಂವ, ಇಂಡಿಯಾ ಪಾಸ್‌ಪೋರ್ಟೇ, ಆದ್ರ ಅಂವ ಒಮಾನ್ ಲೆಕ್ಕಕ್ಕ ಹೋದ, ಅಣ್ಣನಕಿಂತ ಎಷ್ಟೋ ತಡ ಮಾಡಿ ಶುರು ಮಾಡಿದಂವ ಈಗ ಮನಿ ಕಟ್ಟಿಸಿ ಕುಂತಾನ.

ನನಗ ಇದು ಕೇಳಿದಾಗೆಲ್ಲಾ ನಮ್ಮ ಸಂವಿಧಾನದ 371ಜೆ ಕಲಮು ನೆನಪಾಗ್ತದ. 2013ರಾಗ ಆದೇಶ ಬಂದ ಮ್ಯಾಲ ಕಲ್ಯಾಣ ಕರ್ನಾಟಕದಾಗ ಹುಟ್ಟಿದೋರಿಗೆ ಮೀಸಲಾತಿ ಸಿಕ್ತಲ್ಲ, ಆ ಸರ್ಟಿಫಿಕೇಟ್ ಹಚ್ಚೇ ನನಗ ಈ ನೌಕರಿ ಆಗಿದ್ದು. ಅದೇ 2013, ಅದೇ ಊರು, ಅದೇ ಅವ್ವನ ಹೊಟ್ಟಿ. ಅಂವಗ ಹುಟ್ಟಿದ ಜಾಗಕ್ಕ ಕ್ಯೂ, ನನಗ ಹುಟ್ಟಿದ ಜಾಗಕ್ಕ ಸಂಬಳ. ಅಣ್ಣಗ ಹೇಳಿದ್ರ ನಗ್ತಾನ, ಆದ್ರ ಅಷ್ಟೇನ್ ಜೋರ್ ನಗಂಗಿಲ್ಲ.

ಸರಿ, ಈಗ ಡೇಟ್ ಬಂತು, ಐ-485 (ಆ ಕೊನೀ ಅರ್ಜಿ) ಹಾಕಬೇಕು, ಅದಕ್ಕ ಬರ್ತ್ ಸರ್ಟಿಫಿಕೇಟ್ ಬೇಕು. ಅದs ಇಲ್ಲ. ಅಂವ ಹುಟ್ಟಿದ್ದು 1984, ಎಡದಂಡಿ ಕಾಲುವಿ ಮ್ಯಾಲಿನ ನಮ್ಮ ಹಳ್ಳ್ಯಾಗ, ಅವ್ವನ ತವರುಮನ್ಯಾಗ (ತವರಂದ್ರ ಎರಡು ಓಣಿ ದಾಟಿದ್ರ ಬಂತು), ಸೂಲಗಿತ್ತಿ ಕೈಯಾಗ. ಬರ್ಸೋದು ಯಾರಿಗೆ ನೆನಪಿರ್ತದ. ತಾನೇ ಬರ್ತೀನಿ ಅಂದ, ಅಷ್ಟರಾಗ ಸೆಪ್ಟೆಂಬರ್ 19ಕ್ಕ ಟ್ರಂಪ್ ಸಹಿ ಹಾಕಿದ್ದು, ಎಚ್-1ಬಿಗೆ 1 ಲಕ್ಷ ಡಾಲರ್ ಫೀ ಅಂತ. ಮೊದಲ ದಿನ ಯಾರಿಗೆ ಹತ್ತತದ ಯಾರಿಗಿಲ್ಲ ಅಂತ ಒಬ್ಬರಿಗೂ ಗೊತ್ತಿಲ್ಲ, ಹೊರಗಿದ್ದೋರೆಲ್ಲಾ ಬಿದ್ದಂಬೀಳ ವಾಪಸ್ ಓಡಿದ್ರು, ಮರುದಿನ ಹೊಸಾ ಅರ್ಜಿಗಷ್ಟೇ ಅಂತ ಹೇಳಿದ್ರು. ಅಷ್ಟರಾಗ ಅಣ್ಣ ಟಿಕೆಟ್ ಆಸೆ ಬಿಟ್ಟಿದ್ದ. ಹಂಗಾಗಿ ಅಮೆರಿಕದ ಗ್ರೀನ್ ಕಾರ್ಡಿಗೆ ಓಡಾಡೋ ಕೆಲಸ ನನಗ ಬಂತು, ಬೆಳಿಗ್ಗಿ ಸರ್ವೇ, ಮಧ್ಯಾಹ್ನ ಮ್ಯಾಲ ಇದು.

ಯಾವ ಆಫೀಸು ಅಂತ ಹೇಳಂಗಿಲ್ಲ, ನಾಳೆ ನನಗs ಅಲ್ಲಿ ಕೆಲಸ ಇರ್ತಾವ. ಹುಟ್ಟಿದ್ದಕ್ಕ ದಾಖಲೆ ಇಲ್ಲಂದ್ರ "ದಾಖಲೆ ಇಲ್ಲ" ಅನ್ನೋದಕ್ಕ ಒಂದು ದಾಖಲೆ ತರಬೇಕು. ಕೇಸ್ ವರ್ಕರ್ ರೆಕಾರ್ಡ್ ರೂಮಿಂದ 1984ರ ರಿಜಿಸ್ಟರ್ ತಂದ್ರು, ಕೆಂಪು ಬಟ್ಟ್ಯಾಗ ಕಟ್ಟಿದ್ದು, ಬಿಚ್ಚಿದ್ರ ಬುರುಬುರು ಪುಡಿ. ಜೂನ್ ಪುಟದಾಗ ನಮ್ಮೂರಿನ ಎರಡೇ ಕೂಸು, ಎರಡೂ ಹೆಣ್ಣು. "ಮೇಡಂ, ನಿಮ್ಮಣ್ಣ ಹುಟ್ಟಿಲ್ಲ" ಅಂದ್ರು ಆ ಪುಣ್ಯಾತ್ಮ, ನಗದs. ನಾನು ಹೊರಗ ಬಂದು ಒಗ್ಗರಣಿ ಮಿರ್ಚಿ ತಿಂದು ಮತ್ತ ಒಳಗ ಹೋಗಿ ಉಳಿದ ತಿಂಗಳೂ ನೋಡ್ರಿ ಅಂದೆ. ಇಲ್ಲ. ನಾಲ್ಕು ಸಲ ಅಡ್ಡಾಡಿದ ಮ್ಯಾಲ ಸಿಕ್ತು ಸರ್ಟಿಫಿಕೇಟು, ಇಂಥಾ ಹೆಸರಿನ ಜನನ ನೋಂದಣಿ ಲಭ್ಯವಿಲ್ಲ ಅಂತ, ಸೀಲ್ ಹೊಡದು.

ಡಲ್ಲಾಸಿನ ವಕೀಲರ ಆಫೀಸಿಂದ ಇನ್ನೊಂದು ಪ್ರಶ್ನೆ: ಸಾಲಿ ಟಿಸಿನ್ಯಾಗ ಜಿಲ್ಲಾ ರಾಯಚೂರು, ಈ ಸರ್ಟಿಫಿಕೇಟಿನ್ಯಾಗ ಕೊಪ್ಪಳ, ಈತ ಎರಡು ಕಡೆ ಹುಟ್ಟ್ಯಾನೇನು? ಊರು ಅಲ್ಲೇ ಐತ್ರಿ, ಜಿಲ್ಲಾ ಸರದೈತಿ, 1997ರಾಗ ರಾಯಚೂರು ಒಡದು ಕೊಪ್ಪಳ ಮಾಡ್ಯಾರ ಅಂತ ಬರಕೊಟ್ವಿ. ಇಂಜಿನಿಯರಿಂಗ್ ಓದಿದ್ದ ಊರಿನ ಹೆಸರು ಒಂದು ಕಾಗದದಾಗ Bellary, ಇನ್ನೊಂದರಾಗ Ballari, ಅದು 2014ರ ನವೆಂಬರ್‌ನ್ಯಾಗ ಇಂಗ್ಲಿಷಿನ್ಯಾಗ ಹೆಸರು ಬದಲಾದದ್ದು. ಅದಕ್ಕೂ ಒಂದು ಕಾಗದ.

ಇಷ್ಟೆಲ್ಲಾ ಆದ ಮ್ಯಾಲ ಅಸಲಿ ಫಜೀತಿ. ಹುಟ್ಟಿದ್ದು ಗೊತ್ತಿದ್ದ ಇಬ್ಬರು ಹಿರೇರು ಅಫಿಡವಿಟ್ ಮಾಡಬೇಕು. ಅವ್ವ ಒಬ್ಬಾಕಿ, ಅವ್ವನ ಅಕ್ಕ ದೊಡ್ಡವ್ವ ಇನ್ನೊಬ್ಬಾಕಿ. ಪಾಸ್‌ಪೋರ್ಟಿನ್ಯಾಗ ಅಣ್ಣನ ಜನ್ಮದಿನ ಜೂನ್ ಒಂದು. ಓದೋರಿಗೆ ಗೊತ್ತಾಗಿರಬೇಕು. ನಮ್ಮ ಕಡೆ ಆಗಿನ ಮಂದಿ ಅರ್ಧಕ್ಕರ್ಧ ಜೂನ್ ಒಂದಕ್ಕೇ ಹುಟ್ಟ್ಯಾರ, ಮಾಸ್ತರು ಅಡ್ಮಿಷನ್ ಮಾಡ್ಕೊಳೋವಾಗ ವಯಸ್ಸು ಹೊಂದಿಸಿ ಬರಕೋತಿದ್ರು. ನಾನೂ ಟೀಚರ್ರೇ, ನಮ್ಮ ಸಾಲಿ ಹಳೇ ದಾಖಲಾತಿ ಪುಸ್ತಕ ತಗದ್ರ ಪುಟಕ್ಕ ಪುಟ 1-6, 1-6, 1-6.

ಅವ್ವಗ ಏನೂ ಚಿಂತಿಲ್ಲ. "ಅಂವ ಯಾವತ್ತು ಅಂತಾನ ಅವತ್ತೇ ಹುಟ್ಟ್ಯಾನ, ಬರ್ಕೋ" ಅಂದ್ಲು. ದೊಡ್ಡವ್ವ ನೋಟರಿ ಮುಂದ ಕುಂತು, ಎಲಿ ಅಡಿಕಿ ಸಂಚಿ ಮಡಿಲಾಗ ಇಟ್ಕೊಂಡು, ಅವರು ಓದಿ ಹೇಳಿದ್ದನ್ನ ಪೂರಾ ಕೇಳಿ, "ಜೂನ್ ಒಂದಕ್ಕ ಕಾಲುವ್ಯಾಗ ನೀರೆಲ್ಲಿರ್ತಾವೋ ಯಪ್ಪಾ?" ಅಂದ್ಲು. ಆಕಿ ಲೆಕ್ಕ ಬ್ಯಾರೆ. ಆಕಿ ಪಂಚಮಿಗೆ ತವರಿಗೆ ಬಂದಿದ್ಲು, ಮನ್ಯಾಗ ಉಂಡಿ ಕಟ್ಟಿದ್ರು, ಗಂಡಸರೆಲ್ಲಾ ನೆಲ್ಲು ನಾಟಿಗೆ ಹೋಗಿದ್ರು, ಸೂಲಗಿತ್ತಿ ಕರಿಯಾಕ ಈಕೀನೇ ಕೆಸರಾಗ ಕಾಲುವಿ ಏರಿ ಮ್ಯಾಲ ಓಡಿದ್ದು, ಕಾಲು ಜಾರಿ ಬಿದ್ದಿದ್ದು, ಮೊಣಕಾಲಿಗೆ ಆದ ಗಾಯ ಇಲ್ಲೇ ಐತಿ ನೋಡು ಅಂತ ಸೀರಿ ಸರಿಸಿ ನೋಟರಿಗೆ ತೋರ್ಸೇಬಿಟ್ಲು. ನಾಗರಪಂಚಮಿ ಮರುದಿನ. ಅಂದ್ರ ಆಗಸ್ಟ್ ಆಸುಪಾಸು.

ರಾತ್ರಿ ಅಣ್ಣಗ ಫೋನ್ ಹಚ್ಚಿದೆ. "ಅಕಿಗೆ ಹೆಂಗರ ಮಾಡಿ ಜೂನ್ ಅನ್ನಸವಾ, ಎರಡು ತಾರೀಖು ಬಂದ್ರ ಆರ್‌ಎಫ್‌ಇ ಬರ್ತದ" ಅಂದ. ಆರ್‌ಎಫ್‌ಇ ಅಂದ್ರ ಅವರು ತಿರುಗಿ ಸಾಕ್ಷಿ ಕೇಳಿ ಕಳಸೋ ನೋಟೀಸು. ನನಗ ಸಿಟ್ಟು ಬಂತು, ಮೊಣಕಾಲು ಒಡಕೊಂಡಾಕಿಗೆ ನೀ ಸುಳ್ಳಿ ಅಂತ ಹೆಂಗ ಹೇಳ್ಲಿ. ನಿಮ್ಮ ವಕೀಲರಿಗೆ ಇದ್ದದ್ದು ಇದ್ದಂಗ ಹೇಳು ಅಂದೆ. ಎರಡು ದಿನ ಮಾತಿಲ್ಲ. ಆಮ್ಯಾಲ ವಕೀಲರು ಹೇಳಿ ಕಳಿಸಿದ್ರಂತ, ಸುಳ್ಳು ಬರಸಬ್ಯಾಡ್ರಿ, ಆಕಿಗೆ ನೆನಪಿದ್ದದ್ದೂ ಬರೀರಿ, ಸಾಲ್ಯಾಗ ಜೂನ್ ಒಂದು ಹೆಂಗ ಬಂತು ಅನ್ನೋದೂ ಬರೀರಿ, ಅಲ್ಲಿಂದ ಇಲ್ಲೀತನಕ ಎಲ್ಲಾ ಕಾಗದದಾಗ ಅದೇ ತಾರೀಖು ನಡದೈತಿ ಅಂತ ಬರೀರಿ ಅಂತ. ಹಂಗಾಗಿ ದೊಡ್ಡವ್ವನ ಅಫಿಡವಿಟ್ ಎರಡೂವರಿ ಪುಟ ಆತು. ಪಂಚಮಿ ಐತಿ, ನಾಟಿ ಐತಿ. ಮೊಣಕಾಲು ನೋಟರಿಯೋರು ಬಿಟ್ಟ್ರು, ನನಗ ಇವತ್ತಿಗೂ ಅದು ಹಾಕಬೇಕಿತ್ತು ಅನಸ್ತದ. ಇಂಗ್ಲಿಷಿಗೆ ನಾನೇ ಮಾಡಿದೆ, ಪಂಚಮಿ ಅನ್ನೋದನ್ನ ಡಲ್ಲಾಸಿನೋರಿಗೆ ತಿಳಿಸ್ಲಿಕ್ಕೆ ಅರ್ಧ ರಾತ್ರಿ ಹೋತು, ಹಾವಿಗೆ ಹಾಲು ಅಂತ ಬರದು ಅಳಿಸಿದೆ.

ಅರ್ಜಿ ಹೋಗೈತಿ, ರಸೀದಿ ಬಂದೈತಿ. ಇನ್ನ ಕೆಲಸದ ಪರ್ಮಿಟ್ಟು, ಓಡಾಡೋ ಪರ್ಮಿಟ್ಟು ಬರಬೇಕು, ಕಾರ್ಡ್ ಬರ್ಲಿಕ್ಕೆ ಇನ್ನೊಂದು ತಾರೀಖಿನ ಸಾಲು ಐತಿ, ಅದು ಆ ಅಕ್ಟೋಬರ್‌ಗೆ 2013ರ ಏಪ್ರಿಲ್‌ನ್ಯಾಗ ನಿಂತಿತ್ತು. ಹಿರೇ ಮಗಳು ಹುಟ್ಟಿದ್ದು ಬಳ್ಳಾರಿನ್ಯಾಗ, ಇಪ್ಪತ್ತೊಂದು ತುಂಬೋದ್ರಾಗ ಆ ಸಾಲಿನ ತಾರೀಖು ಬರಬೇಕು, ಇಲ್ಲಂದ್ರ ಆಕಿದು ಬ್ಯಾರೆ ಹಾದಿ. ಸಣ್ಣಾಂವ ಅಮೆರಿಕದಾಗೇ ಹುಟ್ಟ್ಯಾನ, ಅಂವಗ ಇದ್ಯಾವ್ದೂ ಗೊತ್ತಿಲ್ಲ.

ಮೊನ್ನೆ ಊರಿಗೆ ಹೋದಾಗ ದೊಡ್ಡವ್ವ "ಹಂಗಾರ ಈಗ ಬರ್ತಾನೇನು?" ಅಂದ್ಲು. ಇನ್ನೂ ಇಲ್ಲ ದೊಡ್ಡವ್ವಾ, ಮತ್ತೇನರ ಕೇಳಿದ್ರೂ ಕೇಳಬಹುದು ಅಂದೆ. ಆಕಿ ಸುಮ್ನೆ ಅಡಿಕಿ ಕತ್ತರಿಸಿ ಬಾಯಿಗೆ ಹಾಕ್ಕೊಂಡು, ಸ್ವಲ್ಪ ತಡದು ಅಂದ್ಲು, "ಹಂಗಾರ ಆ ಇಂಕಿನ ಡಬ್ಬಿ ತಗೊಂಬಾ, ಇನ್ನೆರಡು ಖಾಲಿ ಕಾಗದಕ್ಕ ಹೆಬ್ಬಟ್ಟು ಒತ್ತಿಸ್ಕೊಂಡು ಇಟ್ಕೋ. ಅವರು ಕೇಳೋ ಹೊತ್ತಿಗೆ ನಾ ಇರ್ತೀನೋ ಇಲ್ಲೋ."