ಆರು ಟ್ರೈನರ್, ಒಂದು ಮೆತ್ತಗಾದ ಟೈರು

ಕಳೆದ ವರ್ಷ ನಾನು ಕೆಲಸ ಮಾಡುವ ಬೆಂಗಳೂರಿನ ಇನ್‌ಡೋರ್ ಸೈಕ್ಲಿಂಗ್ ಸ್ಟುಡಿಯೋದಲ್ಲಿ ಮಹಿಳೆಯರಿಗಾಗಿ ಪರದೆಯ ಮೇಲಿನ ರಸ್ತೆಯಲ್ಲಿ ಸಾಗುವ ವರ್ಚುವಲ್ ರೇಸ್ ಒಂದು ನಡೆಯಿತು. ಅದರಲ್ಲಿ ನಾಲ್ಕನೆಯವರಾಗಿ ಮುಗಿಸಿದ ಸ್ಪರ್ಧಿಗೆ ಸಲ್ಲಬೇಕಾಗಿದ್ದ ಸ್ಥಾನ ಅದಲ್ಲ ಎಂದು ನಾನು ನಂಬಿದ್ದೇನೆ. ಅಂದು ಆರೂ ಟ್ರೈನರ್‌ಗಳ, ಅಂದರೆ ಸೈಕಲ್ಲನ್ನು ಕೂರಿಸಿ ನಿಂತಲ್ಲೇ ತುಳಿಯುವ ಯಂತ್ರಗಳ, ಹೊಣೆ ನನ್ನದಾಗಿತ್ತು. ಆ ಸಂಜೆಯ ಕೊನೆಯ ಏಳು ನಿಮಿಷಗಳು ನೆನಪಾದಾಗಲೆಲ್ಲ ಇಂದಿಗೂ ಮನಸ್ಸಿಗೆ ನೋವಾಗುತ್ತದೆ.

ನಮ್ಮಲ್ಲಿದ್ದವು ವೀಲ್-ಆನ್ ಟ್ರೈನರ್‌ಗಳು. ಡೈರೆಕ್ಟ್ ಡ್ರೈವ್ ಯಂತ್ರಗಳನ್ನು ಕೊಳ್ಳಬೇಕೆಂದು ನಾನು ಎರಡು ಬಾರಿ ಬರೆದುಕೊಟ್ಟಿದ್ದೆ. 2020ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ತನ್ನ ಮೊದಲ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಷಿಪ್ ಅನ್ನು ಜ್ವಿಫ್ಟ್ ಎಂಬ ಆನ್‌ಲೈನ್ ಸೈಕ್ಲಿಂಗ್ ವೇದಿಕೆಯಲ್ಲಿ ನಡೆಸಿದಾಗ ಎಲ್ಲ ಸ್ಪರ್ಧಿಗಳಿಗೂ ಟ್ಯಾಕ್ಸ್ ನಿಯೋ 2ಟಿ ಎಂಬ ಒಂದೇ ಮಾದರಿಯ ಟ್ರೈನರ್ ಒದಗಿಸಿತ್ತೆಂಬುದನ್ನೂ ಅದರಲ್ಲಿ ಉದಾಹರಿಸಿದ್ದೆ. ನಮ್ಮ ಆರೂ ಯಂತ್ರಗಳು ಒಂದೇ ಮಾದರಿಯವಲ್ಲವೇ, ಇನ್ನೇನು ಬೇಕು ಎಂದು ಆಡಳಿತದವರು ಕೇಳಿದರು. ಆ ಮಾತು ನನಗೂ ಒಪ್ಪಿಗೆಯಾಯಿತು. ನನ್ನ ಮೊದಲ ತಪ್ಪು ಅಲ್ಲಿಯೇ ಆಯಿತು. ಡೈರೆಕ್ಟ್ ಡ್ರೈವ್‌ನಲ್ಲಿ ಹಿಂದಿನ ಚಕ್ರವನ್ನೇ ಕಳಚಿಟ್ಟು ಸೈಕಲ್ಲನ್ನು ನೇರವಾಗಿ ಯಂತ್ರಕ್ಕೆ ಕೂರಿಸುತ್ತೇವೆ. ವೀಲ್-ಆನ್‌ನಲ್ಲಾದರೋ ಸವಾರರ ಸ್ವಂತ ಟೈರು ರೋಲರಿಗೆ ಒತ್ತಿಕೊಂಡು ಉರುಳುತ್ತದೆ. ಆದ್ದರಿಂದ ಅಳೆಯುವ ಉಪಕರಣದ ಒಂದು ಭಾಗ ಪ್ರತಿಯೊಬ್ಬ ಸ್ಪರ್ಧಿಯ ಮನೆಯಿಂದಲೇ ಬಂದಿರುತ್ತದೆ.

ಪರದೆಯ ಮೇಲಿನ ವೇಗ ಹುಟ್ಟುವ ಬಗೆಯನ್ನು ನಾನು ಚೆನ್ನಾಗಿ ಬಲ್ಲೆನೆಂದುಕೊಂಡಿದ್ದೆ. ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದನ್ನು ಸಾಫ್ಟ್‌ವೇರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಟ್ರೈನರ್ ಕಳುಹಿಸುವ ವಾಟ್, ಸವಾರರು ನಮೂದಿಸಿದ ತೂಕ ಮತ್ತು ಎತ್ತರ, ರಸ್ತೆಯ ಏರು, ಗುಂಪಿನ ಹಿಂದೆ ಗಾಳಿಯ ತಡೆ ಕಡಿಮೆಯಾಗಿ ಸಿಗುವ ಅನುಕೂಲ (ಡ್ರಾಫ್ಟ್) ಇವುಗಳನ್ನು ಸಮೀಕರಣಕ್ಕೆ ಹಾಕಿ, ಗುರುತ್ವ, ಉರುಳು ಘರ್ಷಣೆ ಮತ್ತು ಗಾಳಿಯ ತಡೆ ಮೂರನ್ನೂ ಮೀರಿ ಆ ವಾಟ್‌ಗೆ ಎಷ್ಟು ವೇಗ ದಕ್ಕುತ್ತದೆಂದು ಅದು ಕಂಡುಹಿಡಿಯುತ್ತದೆ. ಸಮತಟ್ಟಿನಲ್ಲಿ ಹೆಚ್ಚಿನ ಶಕ್ತಿ ಗಾಳಿಗೇ ಖರ್ಚಾಗುತ್ತದೆ. ಅಲ್ಲಿ ಬೇಕಾಗುವ ಶಕ್ತಿ ಸರಿಸುಮಾರು ವೇಗದ ಘನಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ವೇಗವನ್ನು ಹತ್ತು ಪ್ರತಿಶತ ಹೆಚ್ಚಿಸಲು ಮೂವತ್ತಮೂರು ಪ್ರತಿಶತ ಹೆಚ್ಚು ವಾಟ್ ಬೇಕು. ಕಡಿದಾದ ಏರಿನಲ್ಲಿ ಲೆಕ್ಕ ಹೆಚ್ಚುಕಡಿಮೆ ನೇರವಾಗುತ್ತದೆ: ಆರು ಪ್ರತಿಶತ ವಾಟ್ ಕಡಿಮೆಯಾದರೆ ವೇಗವೂ ಆರು ಪ್ರತಿಶತದ ಆಸುಪಾಸಿನಲ್ಲೇ ಇಳಿಯುತ್ತದೆ. ಇಷ್ಟೆಲ್ಲ ತಿಳಿದಿದ್ದ ನಾನು ಆ ವಾಟ್ ಎಲ್ಲಿಂದ ಬರುತ್ತಿದೆ ಎಂಬುದರ ಕಡೆಗೆ ಸಾಕಷ್ಟು ಗಮನ ಕೊಟ್ಟಿರಲಿಲ್ಲ.

ರೇಸ್ ಇದ್ದದ್ದು ಸಂಜೆ ಆರಕ್ಕೆ. ಆರೂ ಸೈಕಲ್‌ಗಳನ್ನು ಬೆಳಿಗ್ಗೆ ಏಳಕ್ಕೇ ಕೂರಿಸಿ ಸ್ಪಿನ್‌ಡೌನ್ ಮುಗಿಸಿದ್ದೆ; ಅಂದರೆ ಚಕ್ರವನ್ನು ವೇಗಕ್ಕೆ ತಂದು, ತುಳಿಯುವುದನ್ನು ನಿಲ್ಲಿಸಿ, ಅದು ಎಷ್ಟು ಬೇಗ ನಿಧಾನವಾಗುತ್ತದೆಂಬುದರಿಂದ ಘರ್ಷಣೆಯನ್ನು ಅಳೆದಿದ್ದೆ. ಹತ್ತು ನಿಮಿಷ ತುಳಿದು ಯಂತ್ರ ಬೆಚ್ಚಗಾದ ಮೇಲೆ ಮಾಡಬೇಕಾದ ಕೆಲಸವನ್ನು, ಒಬ್ಬನೇ ಇದ್ದ ಕಾರಣ, ತಣ್ಣಗಿದ್ದಾಗಲೇ ಮಾಡಿದ್ದೆ. ಸಂಜೆ ವಾರ್ಮ್‌ಅಪ್ ಆದ ಬಳಿಕ ಮತ್ತೊಮ್ಮೆ ಮಾಡುವ ಯೋಜನೆಯೇನೋ ಇತ್ತು. ಆದರೆ ಆ ಹೊತ್ತನ್ನು ಪ್ರಾಯೋಜಕರ ಭಾಷಣಗಳಿಗೆ ಕೊಡಲಾಯಿತು. ಇನ್ನು ಹದಿನೈದು ನಿಮಿಷ ಬೇಕೆಂದು ಕೇಳಿದಾಗ, ನೇರ ಪ್ರಸಾರ ಆರಂಭವಾಗಿಬಿಟ್ಟಿದೆ ಎಂಬ ಉತ್ತರ ಬಂತು. ನಾನು ಹಟ ಹಿಡಿಯಲಿಲ್ಲ.

ಮಾರ್ಗದಲ್ಲಿ ಮೊದಲು 12 ಕಿಲೋಮೀಟರ್ ಸಮತಟ್ಟು, ಕೊನೆಗೆ ಆರು ಪ್ರತಿಶತದ 2 ಕಿಲೋಮೀಟರ್ ಏರು. ನಾಲ್ಕನೆಯ ಟ್ರೈನರಿನಲ್ಲಿದ್ದವರು ವಾರಾಂತ್ಯಗಳಲ್ಲಿ ನಂದಿ ಬೆಟ್ಟ ಹತ್ತುವ, ಐವತ್ತನಾಲ್ಕು ಕಿಲೋ ತೂಕದ ಒಳ್ಳೆಯ ಕ್ಲೈಂಬರ್. ಸಮತಟ್ಟಿನುದ್ದಕ್ಕೂ ಅವರು ಗುಂಪಿನಲ್ಲೇ ಇದ್ದರು. ಹೃದಯ ಬಡಿತ ಮಾತ್ರ 184ಕ್ಕೆ ಏರಿತ್ತು. ಆರಂಭದಲ್ಲೇ ಹೆಚ್ಚು ಶಕ್ತಿ ಸುರಿದುಬಿಟ್ಟಿದ್ದಾರೆ, ಏರಿನಲ್ಲಿ ಕಷ್ಟಪಡುತ್ತಾರೆ ಎಂದು ನಾನು ಪಕ್ಕದ ಸಹೋದ್ಯೋಗಿಗೆ ಹೇಳಿದೆ. ಡ್ರಾಫ್ಟ್ ಹಾಗೂ ಆ ಘನದ ಲೆಕ್ಕ ಎರಡೂ ಸೇರಿ ಅವರ ವಾಟ್ ಕೊರತೆಯನ್ನು ಮುಚ್ಚಿಟ್ಟಿವೆ, ಗುಂಪು ಬಿಡದಿರಲು ಅವರು ಉಳಿದವರಿಗಿಂತ ಹೆಚ್ಚು ತುಳಿಯಬೇಕಾಗಿದೆ ಎಂಬುದು ನನಗೆ ಹೊಳೆಯಲಿಲ್ಲ.

ಏರು ಆರಂಭವಾದ ಕೂಡಲೇ ಅವರು ಹಿಂದೆ ಬಿದ್ದರು. ಮೊದಲು ಎರಡು ಸೆಕೆಂಡು, ಆಮೇಲೆ ಐದು. ಆಗ ಅವರು ಎಡಗೈ ಎತ್ತಿ ನನ್ನನ್ನು ಕರೆದರು. ಉಸಿರಿನ ನಡುವೆ, "ತುಂಬ ಬಿಗಿಯಾಗಿದೆ, ಇಷ್ಟು ತುಳಿದರೂ ವಾಟ್ ಬರುತ್ತಿಲ್ಲ" ಎಂದರು. ನಾನು ಅವರ ಪಕ್ಕದಲ್ಲಿ ಮೊಣಕಾಲೂರಿ ಕುಳಿತೆ. ಟ್ರೈನರಿನ ಸಂಕೇತ ಹಿಡಿಯುವ ಡಾಂಗಲ್ ನೋಡಿದೆ, ಸಂಪರ್ಕ ಕಡಿದಿರಲಿಲ್ಲ. ಪರದೆಯ ಏರು ಕಾಲಿಗೆ ಎಷ್ಟು ಬಿಗಿಯೆನಿಸಬೇಕೆಂದು ನಿರ್ಧರಿಸುವ ಟ್ರೈನರ್ ಡಿಫಿಕಲ್ಟಿ ಎಲ್ಲರಿಗೂ ಐವತ್ತು ಪ್ರತಿಶತದಲ್ಲೇ ಇತ್ತು. ಕಾಲಿಗೆ ಬಿಗಿ ಅನ್ನಿಸುವುದಕ್ಕೂ ಪರದೆಯ ವೇಗಕ್ಕೂ ಸಂಬಂಧವಿಲ್ಲ, ಗೇರ್ ಇಳಿಸಿ ಕೆಡೆನ್ಸ್ (ಪೆಡಲ್ ತಿರುಗುವ ವೇಗ) ಏರಿಸಿ ಎಂದು ಹೇಳಿ ಎದ್ದುಬಿಟ್ಟೆ. ಅವರು ಹೇಳಿದ್ದು ವಾಟ್ ಬಗ್ಗೆ. ನಾನು ಉತ್ತರಿಸಿದ್ದು ವೇಗದ ಬಗ್ಗೆ. ಆ ಹೊತ್ತಿನಲ್ಲಿ ಹಿಂದಿನ ಟೈರು ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿತ್ತು. ರೋಲರಿನ ಕೆಳಗೆ ರಬ್ಬರಿನ ಕಪ್ಪು ಪುಡಿ ಉದುರಿದ್ದನ್ನು ಕಣ್ಣಾರೆ ಕಂಡೂ, ಹಳೆಯ ಟೈರಿರಬೇಕು ಎಂದುಕೊಂಡೆ. ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿದ್ದರೆ ಸಾಕಾಗಿತ್ತು.

ಮೂರನೆಯವರಿಗಿಂತ ಒಂಬತ್ತು ಸೆಕೆಂಡು ಹಿಂದೆ ಅವರು ರೇಸ್ ಮುಗಿಸಿದರು. ಯಾರನ್ನೂ ದೂರಲಿಲ್ಲ. ತಮ್ಮ ಸೈಕಲ್ಲಿನಲ್ಲಿದ್ದ, ತುಳಿತದ ವಾಟನ್ನು ತಾವೇ ಅಳೆಯುವ ಪವರ್ ಪೆಡಲ್‌ಗಳ ಫೈಲನ್ನು ಮಾತ್ರ ಅದೇ ರಾತ್ರಿ ನನಗೆ ಕಳುಹಿಸಿದರು. ಏರಿನಲ್ಲಿ ಪೆಡಲ್ ತೋರಿಸಿದ ಸರಾಸರಿ 214 ವಾಟ್, ನಮ್ಮ ಟ್ರೈನರ್ ತೋರಿಸಿದ್ದು 197. ಸರಪಳಿಯಲ್ಲಿ ನಾಲ್ಕೈದು ವಾಟ್ ಕಳೆದುಹೋಗುವುದು ಸಹಜ. ಅದನ್ನು ಬಿಟ್ಟರೂ ಹನ್ನೆರಡು ವಾಟ್ ಉಳಿಯುತ್ತದೆ. ಅವರ ತೂಕಕ್ಕೆ, ಆ ಏರಿಗೆ ಲೆಕ್ಕ ಹಾಕಿದರೆ ಅದು ಸುಮಾರು 20 ಸೆಕೆಂಡಾಗುತ್ತದೆ. ನಾನು ಆ ಲೆಕ್ಕವನ್ನು ಮೂರು ಬಾರಿ ಮಾಡಿದೆ.

ಸೈಕಲ್ ಇನ್ನೂ ಸ್ಟುಡಿಯೋದಲ್ಲೇ ಇತ್ತು. ಮರುದಿನ ಗೇಜ್ ಹಾಕಿದಾಗ, ನಾನು 100 ಪಿಎಸ್‌ಐ ತುಂಬಿಸಿದ್ದ ಟೈರಿನಲ್ಲಿ ಉಳಿದಿದ್ದು 64. ಟ್ಯೂಬಿನಲ್ಲಿ ಸಣ್ಣ ಸೋರಿಕೆಯಿತ್ತು. ನಮ್ಮ ಟ್ರೈನರ್ ವಾಟನ್ನು ನೇರವಾಗಿ ಅಳೆಯುವುದಿಲ್ಲ. ರೋಲರಿನ ವೇಗವನ್ನೂ ಬ್ರೇಕಿನ ತಡೆಯನ್ನೂ ನೋಡಿ, ಅದಕ್ಕೆ ಸ್ಪಿನ್‌ಡೌನ್‌ನಲ್ಲಿ ಕಂಡ ಘರ್ಷಣೆಯನ್ನು ಸೇರಿಸಿ ಅಂದಾಜು ಮಾಡುತ್ತದೆ. ಮೆತ್ತಗಾದ ಟೈರು ರೋಲರಿನ ಮೇಲೆ ಹೆಚ್ಚು ಹಿಸುಕಿಕೊಂಡು ಅವರ ಶಕ್ತಿಯನ್ನು ಶಾಖವಾಗಿ ಕಳೆಯುತ್ತಿದ್ದರೂ, ಯಂತ್ರದ ಲೆಕ್ಕದಲ್ಲಿ ಘರ್ಷಣೆ ಬೆಳಗಿನಷ್ಟೇ ಇತ್ತು. ಉಳಿದ ಐವರ ವಿಷಯದಲ್ಲಿ ಆದದ್ದು ಇದರ ತಿರುವುಮುರುವು. ಸಂಜೆಗೆ ಬೇರಿಂಗ್ ಬೆಚ್ಚಗಾಗಿ ಘರ್ಷಣೆ ಇಳಿದಿದ್ದರೂ ಬೆಳಗಿನ ತಣ್ಣನೆಯ ಘರ್ಷಣೆಯೇ ಲೆಕ್ಕದಲ್ಲಿ ಉಳಿದು, ಅವರಿಗೆ ಕೆಲವು ವಾಟ್ ಹೆಚ್ಚಾಗಿಯೇ ಸಿಕ್ಕಿರಬೇಕು. ಎರಡೂ ತಪ್ಪುಗಳು ಒಬ್ಬರ ಮೇಲೆಯೇ ಬಿದ್ದವು.

ಈ ಲೆಕ್ಕವನ್ನೆಲ್ಲ ಬರೆದು ಆಡಳಿತಕ್ಕೆ ಕೊಟ್ಟೆ. ಬಹುಮಾನ ವಿತರಣೆಯಾಗಿದೆ, ಫಲಿತಾಂಶ ಬದಲಿಸಿದರೆ ಸ್ಟುಡಿಯೋದ ಹೆಸರು ಕೆಡುತ್ತದೆ ಎಂದರು. ಒಬ್ಬ ಸ್ಪರ್ಧಿಯ ಶ್ರಮಕ್ಕಿಂತ ನೇರ ಪ್ರಸಾರದ ಸಮಯಪಾಲನೆ ಮುಖ್ಯವಾಗಿದ್ದನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಈಗ ರೇಸಿಗೆ ಮೊದಲಿನ ಇಪ್ಪತ್ತು ನಿಮಿಷ ಯಾರ ಭಾಷಣಕ್ಕೂ ಬಿಟ್ಟುಕೊಡುವುದಿಲ್ಲ. ಆ ಹೊತ್ತಿನಲ್ಲಿ ಆರೂ ಟೈರಿಗೆ ಗೇಜ್ ಹಾಕಿ, ಎಲ್ಲರೂ ಹತ್ತು ನಿಮಿಷ ತುಳಿದ ಬಳಿಕವೇ ಸ್ಪಿನ್‌ಡೌನ್ ಮಾಡುತ್ತೇನೆ. ಸೈಕಲ್ಲಿನಲ್ಲಿ ಪವರ್ ಮೀಟರ್ ಇದ್ದವರಿಗೆ ಡ್ಯುಯಲ್ ರೆಕಾರ್ಡಿಂಗ್, ಅಂದರೆ ಮೀಟರ್ ಮತ್ತು ಟ್ರೈನರ್ ಎರಡರ ವಾಟನ್ನೂ ದಾಖಲಿಸುವುದು, ಕಡ್ಡಾಯ.

ಎರಡೂ ಫೈಲುಗಳನ್ನು ಒಂದರ ಮೇಲೊಂದಿಟ್ಟು ಮಾಡಿದ ಗ್ರಾಫನ್ನು ಅವರಿಗೆ ಕಳುಹಿಸಿ ಕ್ಷಮೆ ಕೇಳಿದೆ. ಟೈರು ಸೋರುತ್ತಿದ್ದದ್ದು ತಮಗೂ ತಿಳಿದಿರಲಿಲ್ಲವೆಂದು ಅವರು ಬರೆದರು. ಸ್ಟುಡಿಯೋದ ಗೋಡೆಯ ಮೇಲಿನ ಪಟ್ಟಿಯಲ್ಲಿ ಅವರ ಹೆಸರು ಇಂದಿಗೂ ನಾಲ್ಕನೆಯದಾಗಿಯೇ ಇದೆ.